ಇಲ್ಲದ 'ಮಾತ್ರ'

ಮೈಸೂರಿನಿಂದ ಊಟಿಗೆ ಹೋಗುವವರ ಕಣ್ಣಿಗೆ ನಮ್ಮ ಹಂಗಳ ಒಂದು ಊರಾಗಿ ಬೀಳುವುದೇ ಇಲ್ಲ. ಗುಂಡ್ಲುಪೇಟೆ ದಾಟಿತು, ಇನ್ನೇನು ಬಂಡೀಪುರದ ಕಾಡು ಬಂತು ಎನ್ನುವ ಎರಡು ಸಂಭ್ರಮಗಳ ನಡುವೆ, ಚಾಲಕನು ಗೇರು ಬದಲಿಸುವಷ್ಟು ಹೊತ್ತು, ಅದು ಬಂದು ಹೋಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವರು ಇಲ್ಲಿ ವೇಗ ತಗ್ಗಿಸಿ, ಕಿಟಕಿಯ ಗಾಜು ಇಳಿಸಿ, "ಬೆಟ್ಟಕ್ಕೆ ಯಾವ ಕಡೆ?" ಎಂದು ಕೇಳಿ, ನಾವು ಬಾಯಿ ತೆರೆಯುವ ಮೊದಲೇ ಬಲಕ್ಕೆ ತಿರುಗಿಬಿಡುತ್ತಾರೆ. ಹೀಗೆ ನಮ್ಮ ಊರಿನವರಿಗೆ ಕಾರುಗಳ ಪರಿಚಯ ಬಹಳ. ಕಾರಿನವರಿಗೆ ನಮ್ಮ ಪರಿಚಯ ಅಷ್ಟಕ್ಕಷ್ಟೆ.

ನಾನು ಹುಡುಗನಾಗಿದ್ದಾಗ ನಮಗಿದ್ದ ಬೇಸಗೆಯ ಆಟವೆಂದರೆ ಮೋರಿಕಟ್ಟೆಯ ಮೇಲೆ ಕುಳಿತು ಕಾರು ಎಣಿಸುವುದು. ಅಂಬಾಸಿಡರ್ ಬಂದರೆ ನನ್ನದು, ಫಿಯಟ್ ಬಂದರೆ ಪಕ್ಕದ ಮನೆಯ ಹುಡುಗನದು. ಸಂಜೆಗೆ ಯಾರ ಆಸ್ತಿ ಹೆಚ್ಚೆಂದು ಲೆಕ್ಕ. 1983ರ ಕೊನೆಯಲ್ಲಿ ಹುಟ್ಟಿದ ಮಾರುತಿ ಕಾರು ನಮ್ಮ ರಸ್ತೆಯಲ್ಲಿ ತುಂಬಿಕೊಳ್ಳುತ್ತ ಬಂದಂತೆ ಆಟ ಕೆಟ್ಟಿತು; ಎಲ್ಲವೂ ಒಂದೇ ಬಗೆಯದಾದ ಮೇಲೆ ಹಂಚಿಕೊಳ್ಳುವುದೇನು? ಅದೇ ಮೋರಿಕಟ್ಟೆಯ ಮೇಲೆ ನನಗಿಂತ ಹತ್ತು ವರ್ಷ ಮೊದಲು ಕುಳಿತು ಎಣಿಸಿದವರು ನಮ್ಮ ಭಾವನವರು. ಅವರೂ ಹಂಗಳದವರೇ, ಅಕ್ಕನನ್ನು ಕೊಟ್ಟದ್ದು ಎರಡು ಬೀದಿ ಆಚೆಗೆ. ನಾನು ಎಣಿಸಿದ ಕಾರುಗಳನ್ನು ಮರೆತು ಕಾವ್ಯಮೀಮಾಂಸೆಯ ಕಡೆಗೆ ಹೋದೆ. ಅವರು ಮರೆಯಲಿಲ್ಲ. ಈ ಬರಹ ಅವರ ವಿಷಯ. ನನ್ನ ಒಂದು ತಪ್ಪಿನ ವಿಷಯವೂ ಹೌದು.

ಭಾವನವರಿಗೆ ಗುಂಡ್ಲುಪೇಟೆಯಲ್ಲಿ ಪಂಪುಸೆಟ್ಟು ಮತ್ತು ಪೈಪಿನ ಅಂಗಡಿ ಇತ್ತು. 2010ರಲ್ಲಿ ಅರಿಸಿನಕ್ಕೆ ಹಿಂದೆಂದೂ ಕಾಣದ ಬೆಲೆ ಬಂದುದನ್ನು ನಮ್ಮ ಕಡೆಯ ರೈತರಾರೂ ಮರೆತಿರಲಾರರು. ಆ ವರ್ಷ ಮನೆಗಳಿಗೆ ತಾರಸಿ ಬಿತ್ತು, ಮದುವೆಗಳಿಗೆ ವಾಲಗದ ಜೊತೆ ಬ್ಯಾಂಡೂ ಬಂತು, ಕೆಲವರಿಗೆ ಕಾರಿನ ಆಸೆಯೂ ಹುಟ್ಟಿತು. ದಕ್ಷಿಣದ ಜಿಲ್ಲೆಗಳಿಗೆಲ್ಲ ಕಾರು ಒದಗಿಸುವ ಒಬ್ಬ ದೊಡ್ಡ ವಿತರಕರು, ಮುಖ್ಯ ಕಚೇರಿ ಚೆನ್ನೈಯಲ್ಲಿ, ಹೆಸರು ಬೇಡ, ಗುಂಡ್ಲುಪೇಟೆ ಚಾಮರಾಜನಗರದ ಸೀಮೆಗೆ ಒಬ್ಬ ಏಜೆಂಟನನ್ನು ಹುಡುಕುತ್ತಿದ್ದರು. ಹುಡುಕಾಟ ಬಂದು ನಿಂತದ್ದು ಭಾವನವರ ಪೈಪಿನ ಅಂಗಡಿಯಲ್ಲಿ.

ಕರಾರುಪತ್ರ ಇಪ್ಪತ್ತೆರಡು ಪುಟ; ಮೇಲಿನದೊಂದು ಛಾಪಾ ಕಾಗದ, ಉಳಿದವು ಒತ್ತಾಗಿ ಅಚ್ಚಾದ ಇಂಗ್ಲಿಷು. ಒಂದು ಭಾನುವಾರ ಸಂಜೆ ಅದನ್ನು ಹಂಗಳದ ಮನೆಗೆ ತಂದು ಜಗುಲಿಯ ಮೇಲೆ ನನ್ನ ಮುಂದಿಟ್ಟರು. "ಮೇಷ್ಟ್ರೇ, ಇದ ಓದಿ ಯೋಳಿ. ನಿಮ್ಮ ಕಣ್ಣು ಬಿದ್ದಮ್ಯಾಲೆ ನಾನು ರುಜು ಆಕೋದು" ಎಂದರು. ನಾನು ಕಾಲೇಜಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಎಂ.ಎ. ಎಂಬ ಎರಡಕ್ಷರ ಇದ್ದುದು ನನ್ನೊಬ್ಬನ ಹೆಸರಿನ ಮುಂದೆ. ಅದು ಕನ್ನಡದ ಎಂ.ಎ. ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಅಡ್ಡಿಯಾಗಿ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕಾಣಲಿಲ್ಲ. ಹಳ್ಳಿಯಲ್ಲಿ ಓದಿದವನೆಂದರೆ ಎಲ್ಲವನ್ನೂ ಓದಬಲ್ಲವನು: ಜಾತಕ, ಪಹಣಿ, ವೈದ್ಯರ ಚೀಟಿ, ಕೋರ್ಟಿನ ಸಮನ್ಸು. ಆ ಗೌರವ ತಲೆಗೆ ಏರಿದವನು "ನನಗೆ ಇದು ತಿಳಿಯದು" ಎಂಬ ಮೂರು ಮಾತನ್ನು ಬಲು ಬೇಗ ಮರೆತುಬಿಡುತ್ತಾನೆ.

ಓದಿದೆ. ಮೊದಲ ಪುಟದಲ್ಲಿ ಭಾವನವರ ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ 'ಏರಿಯಾ ಏಜೆಂಟ್' ಎಂದಿತ್ತು. ಒಂಬತ್ತನೆಯ ಪುಟದಲ್ಲಿ, ಎರಡನೆಯ ಪಕ್ಷದವರನ್ನು ಮೊದಲನೆಯ ಪಕ್ಷದವರ ಏಜೆಂಟ್ ಎಂದು ಯಾವ ಕಾರಣಕ್ಕೂ ಭಾವಿಸತಕ್ಕದ್ದಲ್ಲ ಎಂದಿತ್ತು. ಇದನ್ನು ಕನ್ನಡದಲ್ಲಿ ಹೇಳಿದಾಗ ಭಾವನವರು ನಕ್ಕು, "ಮಗೀಗೆ ಎಸರು ಮಡಗಿ, ಆ ಎಸರಲ್ಲಿ ಮಾತ್ರ ಕರೀಬ್ಯಾಡಿ ಅಂದಂಗಾಯ್ತು" ಎಂದರು. ನಾನೂ ನಕ್ಕೆ. ಅದು ನಗುವ ಸಂಗತಿಯಲ್ಲವೆಂದು ತಿಳಿಯಲು ನಾಲ್ಕು ವರ್ಷ ಬೇಕಾಯಿತು.

ಮುಂದೆ ಒಂದೆಡೆ, ಇಬ್ಬರಲ್ಲಿ ಯಾರೇ ಆಗಲಿ ಕಾರಣ ಹೇಳದೆ 30 ದಿನಗಳ ನೋಟೀಸು ಕೊಟ್ಟು ಕರಾರನ್ನು ಮುಗಿಸಬಹುದು ಎಂದಿತ್ತು. "ಇದು ಎಲ್ಲ ಕರಾರಿನಲ್ಲಿಯೂ ಇರುವ ಮಾತು, ಸಂಪ್ರದಾಯ" ಎಂದು ಪುಟ ತಿರುವಿದೆ. ಹೊಸ್ತಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಕ್ಕ, ತಲೆ ಎತ್ತದೆಯೆ, "ಮೂವತ್ತು ದಿನ ಅಂದ್ರೆ ಒಂದೇ ತಿಂಗಳಾ?" ಎಂದು ಕೇಳಿದಳು. ಅಂದು ಆ ಜಗುಲಿಯಲ್ಲಿ ಕರಾರುಪತ್ರವನ್ನು ಸರಿಯಾಗಿ ಓದಿದವಳು ಅವಳೊಬ್ಬಳೇ ಎಂದು ಈಗ ಅನಿಸುತ್ತದೆ. "ಇಬ್ಬರಿಗೂ ಅಷ್ಟೇ ಅಕ್ಕ, ನ್ಯಾಯವಾಗಿಯೇ ಇದೆ" ಎಂದುಬಿಟ್ಟೆ. ತಾರಸಿಯ ಮೇಲೆ ನಿಂತವನೂ ಏಣಿ ಹತ್ತುತ್ತಿರುವವನೂ ಇಬ್ಬರೂ ಏಣಿಯನ್ನು ತೆಗೆಯಬಹುದು ಎಂದರೆ ಮಾತಿನಲ್ಲಿ ಸಮನಾಗಿಯೇ ಇರುತ್ತದಷ್ಟೆ.

ಕೊನೆಯ ಪುಟದಲ್ಲಿ, ಈ ಕರಾರು ಚೆನ್ನೈ ನ್ಯಾಯಾಲಯಗಳ ಅಧಿಕಾರವ್ಯಾಪ್ತಿಗೆ ಒಳಪಟ್ಟಿರುತ್ತದೆ ಎಂಬ ಒಂದೇ ಸಾಲು. ಭಾವನವರ ಮುಖದಲ್ಲಿ ಮೊದಲ ಬಾರಿಗೆ ಒಂದು ಗೆರೆ ಮೂಡಿತು. "ಏನಾದ್ರೂ ಆದ್ರೆ ಚೆನ್ನೈಗೆ ಓಗಬೇಕಾ?" ಎಂದರು. ಇಲ್ಲಿ ನನ್ನ ಪಾಂಡಿತ್ಯ ಎದ್ದು ನಿಂತಿತು. ಕಾನೂನು ಓದುತ್ತಿದ್ದ ಗೆಳೆಯನೊಬ್ಬ ಹಾಸ್ಟೆಲಿನಲ್ಲಿ ಒಮ್ಮೆ ಹೇಳಿದ ಕಥೆ ನೆನಪಿಗೆ ಬಂತು. ಗುಜರಾತಿನ ಖೇಡಾ ಜಿಲ್ಲೆಯ ಒಂದು ಕಂಪನಿ ಸೇಲಂನ ವರ್ತಕರೊಬ್ಬರಿಗೆ ಜರಿಯಂತೆ ಮಿನುಗುವ ನೂಲು ಮಾರುವ ಕರಾರು ಮಾಡಿಕೊಂಡಿತ್ತು. ತಕರಾರು ಬಂದರೆ ಅದು ಖೇಡಾ ವ್ಯಾಪ್ತಿಗೆ ಒಳಪಟ್ಟದ್ದು ಎಂದು ಬರೆದಿತ್ತು. ತಕರಾರು ಬಂತು, ಸೇಲಂನವರು ಸೇಲಂನಲ್ಲಿಯೇ ದಾವೆ ಹೂಡಿದರು. 1989ರಲ್ಲಿ ಸುಪ್ರೀಂ ಕೋರ್ಟು ಸೇಲಂ ನ್ಯಾಯಾಲಯಕ್ಕೂ ಅಧಿಕಾರ ಉಂಟೆಂದಿತು. ಏಕೆಂದರೆ ಕರಾರಿನಲ್ಲಿ 'ಖೇಡಾ' ಎಂದಿತ್ತೇ ಹೊರತು 'ಖೇಡಾ ಮಾತ್ರ' ಎಂದಿರಲಿಲ್ಲ.

ವ್ಯಾಕರಣದ ಮೇಷ್ಟರಿಗೆ ಇದಕ್ಕಿಂತ ರುಚಿಕರವಾದ ಕಥೆ ಬೇಕೆ? ನಾನು ಜಗುಲಿಯನ್ನೇ ತರಗತಿಯಾಗಿ ಮಾಡಿಕೊಂಡೆ. ರಾಮ ಬಂದನು ಎಂಬುದು ಬೇರೆ, ರಾಮನೇ ಬಂದನು ಎಂಬುದು ಬೇರೆ. ಆ 'ಏ' ಅವಧಾರಣೆ. ಅದು ಇದ್ದರೆ ಉಳಿದವರಿಗೆ ಬಾಗಿಲು ಮುಚ್ಚಿತು, ಇಲ್ಲದಿದ್ದರೆ ತೆರೆದಿದೆ. ಇಲ್ಲಿ 'ಚೆನ್ನೈ' ಎಂದಿದೆ, 'ಚೆನ್ನೈಯೇ' ಎಂದಿಲ್ಲ, 'ಓನ್ಲಿ' ಎಂಬ ಮಾತು ಎಲ್ಲಿಯೂ ಇಲ್ಲ. ಆದ್ದರಿಂದ ನಮ್ಮ ನ್ಯಾಯಾಲಯ ನಮಗಿದೆ. ಭಾವನವರ ಮುಖದ ಗೆರೆ ಅಳಿಸಿಹೋಯಿತು. "ಓದಿರೋರು ಓದಿರೋರೆ ಬುಡಿ" ಎಂದರು. ಮರುವಾರ ಚೆನ್ನೈಗೆ ಹೋಗಿ ರುಜು ಹಾಕಿ, ಹತ್ತು ಲಕ್ಷ ಠೇವಣಿ ಕಟ್ಟಿ ಬಂದರು. ಠೇವಣಿಗಾಗಿ ಹಳ್ಳದ ದಂಡೆಯ ಎರಡೆಕರೆ ಅಡವಾಯಿತು.

ಅಂಗಡಿ ಚೆನ್ನಾಗಿಯೇ ಆಯಿತು. ಪೈಪುಗಳು ಹಿತ್ತಲಿಗೆ ಹೋದವು. ಮುಂದೆ ಇಡೀ ಗೋಡೆಯ ಅಗಲಕ್ಕೆ ಗಾಜು ಬಂತು, ಏಕೆಂದರೆ ಗಾಜು ಇಷ್ಟು ಅಡಿ, ಹಲಗೆಯ ಬಣ್ಣ ಇಂಥದು, ಮೇಜು ಇಂಥಲ್ಲಿ ಎಂದು ಕರಾರಿನ ಅನುಬಂಧ ಹೇಳುತ್ತಿತ್ತು. ಆ ಗಾಜನ್ನು ಒರೆಸಲೆಂದೇ ಒಬ್ಬ ಹುಡುಗ. ತೋರಿಸುವುದಕ್ಕೊಂದು ಕಾರು ಭಾವನವರ ಹಣದಲ್ಲಿಯೇ ಬಂತು. ಮೊದಲ ಕಾರನ್ನು ಕೊಂಡ ಅರಿಸಿನದ ರೈತರು ಅದನ್ನು ನೇರವಾಗಿ ಗೋಪಾಲಸ್ವಾಮಿ ಬೆಟ್ಟದ ದಾರಿ ಹಿಡಿಸಿದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮುಂದೊಂದು ಕುಂಬಳಕಾಯಿ. ಭಾವನವರು ಮಾರುತ್ತಿದ್ದ ರೀತಿಯೂ ಅವರದೇ. ಕೊಳ್ಳಲು ಬಂದವರಿಗೆ ಮೊದಲು, "ಇಷ್ಟು ಸಾಲ ಮಾಡಬ್ಯಾಡಿ, ಮುಂದಿನ ಬೆಳೆ ನೋಡ್ಕಂಡು ಬನ್ನಿ" ಎನ್ನುವರು. ಇಂಥ ಮಾರಾಟಗಾರನನ್ನು ಯಾವ ಕಂಪನಿಯ ತರಬೇತಿಯೂ ತಯಾರಿಸಲಾರದು. ಯಾವ ಕಂಪನಿಯೂ ಬಹುಕಾಲ ಸಹಿಸಲಾರದು.

ಅರಿಸಿನದ ಬೆಲೆ ಮುಂದಿನ ಎರಡು ವರ್ಷಗಳಲ್ಲಿ ಇಳಿದುಹೋಯಿತು. ಕಾರಿನ ಆಸೆಯೂ ಅದರ ಜೊತೆ ಇಳಿಯಿತು. ಭಾವನವರು ಆದರೂ ಹಿಡಿದುಕೊಂಡಿದ್ದರು. ಶಾಲೆಯ ಮಾಸ್ತರರು, ನರ್ಸಮ್ಮಂದಿರು, ಗಡಿಯಾಚೆಯ ವಯನಾಡಿನಲ್ಲಿ ಶುಂಠಿ ಹಾಕಿ ಹಣ ಕಂಡವರು, ಹೀಗೆ ಒಬ್ಬೊಬ್ಬರನ್ನೇ ಕಂಡು ಮಾರಿದರು. 2014ರ ಒಂದು ಬೆಳಿಗ್ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದೇ ಹಾಳೆ ಬಂತು. ಇಂದಿಗೆ 30 ದಿನಗಳಿಗೆ ಕರಾರು ಮುಗಿಯಿತು. ಕಾರಣವಿಲ್ಲ. ಕಾರಣ ಬೇಕಿಲ್ಲವೆಂದು ನಾವೇ ಒಪ್ಪಿದ್ದೆವಲ್ಲ. ತಿಂಗಳೆರಡರಲ್ಲಿ ಆ ವಿತರಕರೇ ಚಾಮರಾಜನಗರದಲ್ಲಿ ತಮ್ಮ ಸ್ವಂತ ಶಾಖೆ ತೆರೆದರು. ನಾಲ್ಕು ವರ್ಷ ಭಾವನವರು ಬರೆದಿಟ್ಟಿದ್ದ ಗಿರಾಕಿಗಳ ಪಟ್ಟಿ ಪ್ರತಿ ತಿಂಗಳೂ ಅವರಿಗೆ ತಲುಪುತ್ತಿತ್ತು.

ನಾವಿಬ್ಬರೂ ಮೈಸೂರಿಗೆ ಹೋಗಿ ಒಬ್ಬ ಹಿರಿಯ ವಕೀಲರನ್ನು ಕಂಡೆವು. ಅವರು ಇಪ್ಪತ್ತೆರಡು ಪುಟವನ್ನೂ ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಓದಿದರು. ಭಾವನವರಿಗೆ ಕೇಳುವ ಮಾತು ಒಂದೇ ಇತ್ತು: ಏಜೆನ್ಸಿಯನ್ನು ಮತ್ತೆ ಕೊಡಿಸಲು ಸಾಧ್ಯವೆ? ವಕೀಲರು, ಸ್ವಭಾವತಃ ಕೊನೆಗಾಣಿಸಬಹುದಾದ ಕರಾರನ್ನು ನಡೆಸಿಕೊಂಡು ಹೋಗೆಂದು ನ್ಯಾಯಾಲಯ ಬಲವಂತ ಮಾಡುವುದಿಲ್ಲ, 1963ರ ನಿರ್ದಿಷ್ಟ ಪರಿಹಾರ ಕಾಯಿದೆ ಹಾಗೆನ್ನುತ್ತದೆ ಎಂದು ವಿವರಿಸಿ, ಅಮೃತಸರದ ಒಂದು ಅಡಿಗೆ ಅನಿಲದ ಏಜೆನ್ಸಿಯ ಕಥೆ ಹೇಳಿದರು. ಇಂಡಿಯನ್ ಆಯಿಲ್ ಸಂಸ್ಥೆ ಆ ವಿತರಣೆಯ ಕರಾರನ್ನು ರದ್ದು ಮಾಡಿತ್ತು. ಮಧ್ಯಸ್ಥರು ಏಜೆನ್ಸಿಯನ್ನು ಹಿಂದಕ್ಕೆ ಕೊಡಬೇಕೆಂದು ತೀರ್ಪಿತ್ತರು. 1990ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ರದ್ದು ಮಾಡಿದ್ದು ತಪ್ಪೆಂದೇ ಇಟ್ಟುಕೊಂಡರೂ, 30 ದಿನದ ನೋಟೀಸಿನಿಂದ ಮುಗಿಸಬಹುದಾಗಿದ್ದ ಕರಾರಿಗೆ ಸಿಗಬಹುದಾದದ್ದು ಆ 30 ದಿನದ ಸಂಪಾದನೆಯಷ್ಟೇ ಎಂದಿತು. "ನಿಮಗೆ ನೋಟೀಸನ್ನೇ ಕೊಟ್ಟಿದ್ದಾರಲ್ಲ" ಎಂದು ವಕೀಲರು ಮೆಲ್ಲಗೆ ಸೇರಿಸಿದರು. ಮೂವತ್ತು ದಿನ ಎಂದರೆ ಒಂದೇ ತಿಂಗಳು.

ಅವರೇ ಸ್ವಲ್ಪ ತಡೆದು ಒಂಬತ್ತನೆಯ ಪುಟವನ್ನು ತೆರೆದರು. 1872ರ ಕರಾರು ಕಾಯಿದೆಯಲ್ಲಿ ಏಜೆಂಟನಿಗೆ ಒಂದಿಷ್ಟು ರಕ್ಷಣೆ ಉಂಟು. ಇಷ್ಟು ಅವಧಿಯವರೆಗೆ ಎಂದಿದ್ದ ಏಜೆನ್ಸಿಯನ್ನು ಸಾಕಷ್ಟು ಕಾರಣವಿಲ್ಲದೆ ನಡುವೆ ಕಿತ್ತುಕೊಂಡರೆ ಪರಿಹಾರ ಕೊಡಬೇಕು, ಯುಕ್ತವಾದ ನೋಟೀಸು ಕೊಡಬೇಕು. ಆದರೆ ಒಂಬತ್ತನೆಯ ಪುಟದ ಪ್ರಕಾರ ಭಾವನವರು ಏಜೆಂಟರೇ ಅಲ್ಲ. ತಮ್ಮ ಹೊಣೆಯ ಮೇಲೆ ಕೊಂಡು ಮಾರುವ ಒಬ್ಬ ವರ್ತಕ. ಈ ಮಾತು ಎರಡು ಕಡೆಯೂ ಕೊಯ್ಯುತ್ತದೆ. ಗೋವೆಯ ಗಿರಾಕಿಯೊಬ್ಬರಿಗೆ ಅಂಗಡಿಯವರು 2009ರಲ್ಲಿ ತಯಾರಾದ ಕಾರನ್ನು 2011ರಲ್ಲಿ ಹೊಸದೆಂದು ಕೊಟ್ಟ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಂಪನಿಗೆ ಅದು ತಿಳಿದಿತ್ತೆಂದು ತೋರಿಸದ ಹೊರತು ಅಂಗಡಿಯವನ ತಪ್ಪಿಗೆ ಕಂಪನಿ ಹೊಣೆಯಲ್ಲ, ಅವರಿಬ್ಬರೂ ಬೇರೆಬೇರೆ ವ್ಯಾಪಾರಿಗಳು ಎಂದು 2021ರಲ್ಲಿ ಹೇಳಿದ್ದನ್ನು ನಾನು ಆಮೇಲೆ ಓದಿದೆ. ಹಲಗೆಯ ಮೇಲೆ ಕಂಪನಿಯ ಹೆಸರು, ಗಾಜಿನ ಅಳತೆ ಕಂಪನಿಯದು, ಬೆಲೆ ಕಂಪನಿಯದು. ತಪ್ಪು ನಡೆದಾಗ ಮಾತ್ರ ಅಂಗಡಿ ಅಂಗಡಿಯವನದು. ಹೆಸರಿಟ್ಟು ಆ ಹೆಸರಿನಲ್ಲಿ ಕರೆಯಬೇಡಿ ಎಂದರೆ ಏನರ್ಥವೆಂಬುದು ಆಗ ಬಿಡಿಸಿಹೋಯಿತು.

ಇನ್ನು ಉಳಿದದ್ದು ಠೇವಣಿಯ ಮತ್ತು ಮಾರದೆ ಉಳಿದ ಸಾಮಾನಿನ ಲೆಕ್ಕ. ವಿತರಕರು ಹಲಗೆ, ಮೇಜು, ಮತ್ತೇನೇನೋ ಹೆಸರಿನಲ್ಲಿ ಹತ್ತು ಲಕ್ಷದಲ್ಲಿ ಮೂರೂವರೆ ಕಡಿದುಕೊಂಡಿದ್ದರು. ಅದಕ್ಕಾದರೂ ಇಲ್ಲಿಯೇ ದಾವೆ ಹೂಡಬಹುದಲ್ಲ ಎಂದು ನಾನು ಗಂಟಲು ಸರಿಮಾಡಿಕೊಂಡು, ನನ್ನ ಖೇಡಾದ ಕಥೆಯನ್ನೂ ಕಾಣದಿರುವ 'ಮಾತ್ರ'ವನ್ನೂ ಮುಂದಿಟ್ಟೆ. ವಕೀಲರು ತಲೆಯಾಡಿಸಿ ಕೇಳಿ, ಕಪಾಟಿನಿಂದ ಒಂದು ಸಂಪುಟ ತೆಗೆದರು.

ಅದರಲ್ಲಿದ್ದದ್ದು ಜೈಪುರದ ಒಂದು ಸಂಸ್ಥೆಯ ಕಥೆ. 2002ರಲ್ಲಿ ಅವರು ವಾಹನಗಳಿಗೆ ಹಾಕುವ ಕೀಲೆಣ್ಣೆಯನ್ನು ಜೈಪುರದಲ್ಲಿ ಮಾರಲು ಏಜೆಂಟರಾದರು. ಆ ಕಂಪನಿ ಮುಂದೆ ಇಂಡಿಯನ್ ಆಯಿಲ್ ಸಂಸ್ಥೆಯಲ್ಲಿ ಸೇರಿತು. ಮರುವರ್ಷವೇ ಮಾರಾಟವಾಗದ ಸರಕು ರಾಶಿರಾಶಿಯಾಗಿ ಉಳಿದು ತಕರಾರು ಬಂತು. ಜೈಪುರದವರು ಮಧ್ಯಸ್ಥರನ್ನು ನೇಮಿಸಿಕೊಡಿರೆಂದು ರಾಜಸ್ಥಾನದ ಹೈಕೋರ್ಟಿಗೆ ಹೋದರು. ಕರಾರಿನಲ್ಲಿದ್ದದ್ದು ನಮ್ಮದರಂತೆಯೇ ಒಂದು ಸಾಲು: ಕೋಲ್ಕತ್ತ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿರುತ್ತದೆ. 'ಮಾತ್ರ' ಇರಲಿಲ್ಲ. 2011ರಲ್ಲಿ ಹೈಕೋರ್ಟು ಕೋಲ್ಕತ್ತಕ್ಕೇ ಹೋಗಿ ಎಂದಿತು. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರು ಅದನ್ನೇ ಎತ್ತಿಹಿಡಿದರು. 'ಮಾತ್ರ', 'ಕೇವಲ' ಮುಂತಾದ ಮಾತುಗಳು ಇಲ್ಲದಿರುವುದು ದೊಡ್ಡ ವ್ಯತ್ಯಾಸವೇನನ್ನೂ ಮಾಡುವುದಿಲ್ಲ. ಅಧಿಕಾರವಿರುವ ಊರುಗಳಲ್ಲಿ ಒಂದನ್ನು ಆರಿಸಿ ಹೆಸರಿಸಿದ ಮೇಲೆ ಉಳಿದವನ್ನು ಬಿಟ್ಟಂತೆಯೇ ಸರಿ ಎಂದರು. ನಮ್ಮ ರುಜು ಚೆನ್ನೈಯಲ್ಲಿ ಬಿದ್ದಿತ್ತು, ಹಣ ಚೆನ್ನೈಗೆ ಕಟ್ಟಿತ್ತು.

"ಖೇಡಾದ ತೀರ್ಪು ಕೂಡ ನೀವು ಹೇಳಿದಷ್ಟೇ ಅಲ್ಲ" ಎಂದರು ವಕೀಲರು. "ಆ ಮಾತುಗಳು ಇಲ್ಲದಿದ್ದರೂ ಸಂದರ್ಭ ನೋಡಿ ಉಳಿದುದನ್ನು ಹೊರಗಿಟ್ಟಿದೆ ಎಂದು ತಿಳಿಯಬಹುದು ಅಂತ ಅದರಲ್ಲೇ ಬರೆದಿದ್ದಾರೆ. ಇದನ್ನು ನಿಮಗೆ ಓದಿ ಹೇಳಿದವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಭಾವನವರು, "ನಾನೇ ಓದ್ಕಂಡೆ ಸಾ" ಎಂದರು.

ಹಿಂದಿರುಗುವಾಗ ನಂಜನಗೂಡಿನಲ್ಲಿ ಇಳಿದು ಬಾಳೆಹಣ್ಣು ಕೊಂಡರು. ಬೇಗೂರಿನವರೆಗೂ ಮಾತಿಲ್ಲ. ಆಮೇಲೆ ಆ ವರ್ಷದ ಸಣ್ಣ ಈರುಳ್ಳಿಯ ಬೆಲೆಯ ವಿಷಯ ತೆಗೆದರು. ನಾನು ಕೇಳಬೇಕೆಂದಿದ್ದ ಕ್ಷಮೆ ಈರುಳ್ಳಿಯ ಮಾತಿನ ನಡುವೆ ಎಲ್ಲಿಯೂ ಹಿಡಿಸಲಿಲ್ಲ.

ಆದರೆ ನನ್ನ ನಿಜವಾದ ತೀರ್ಪು ಬಂದದ್ದು ವಕೀಲರ ಕೋಣೆಯಲ್ಲಿ ಅಲ್ಲ, ಮರುವಾರ ನನ್ನದೇ ತರಗತಿಯಲ್ಲಿ. ಅಂದು ಅಲಂಕಾರಗಳ ಪಾಠ. ಸರದಿಯಲ್ಲಿ ಬಂದದ್ದು ಪರಿಸಂಖ್ಯೆ. ಓದುಗರಲ್ಲಿ ಕೆಲವರಿಗೆ ಇದು ಮರೆತಿರಬಹುದು, ಬೇಸರಿಸಬಾರದು. ಹಲವು ಕಡೆ ಇರಬಹುದಾದ ಒಂದು ವಸ್ತುವನ್ನು ಒಂದೇ ಕಡೆ ಇದೆಯೆಂದು ಹೇಳಿ ಉಳಿದ ಕಡೆಯಿಂದ ಹೊರಹಾಕುವುದು ಪರಿಸಂಖ್ಯೆ. ನಗರವರ್ಣನೆಯಲ್ಲಿ ಕವಿಗಳಿಗೆ ಇದು ಬಲು ಪ್ರಿಯ. ಆ ಊರಿನಲ್ಲಿ ವಕ್ರತೆ ಇದ್ದದ್ದು ಹೆಂಗಸರ ಕುರುಳಿನಲ್ಲಿ, ಜನರ ನಡತೆಯಲ್ಲಲ್ಲ. ಕಟ್ಟು ಬಿದ್ದದ್ದು ಹೂವಿನ ಮಾಲೆಗೆ, ಮನುಷ್ಯರಿಗಲ್ಲ, ಎಂಬಂಥ ಮಾತು. ಇದರಲ್ಲಿ ಬಗೆಗಳುಂಟು. ಹೊರಗಿಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ಶಾಬ್ದ. ಹೇಳದೆಯೇ ತಾನಾಗಿ ಹೊಳೆಯುವಂತಿದ್ದರೆ ಅದು ಆರ್ಥ. 'ವಕ್ರತೆ ಕುರುಳಿನಲ್ಲಿ' ಎಂದು ಅಷ್ಟಕ್ಕೇ ನಿಲ್ಲಿಸಿದರೂ, ನಡತೆಯಲ್ಲಿ ವಕ್ರತೆಯಿಲ್ಲವೆಂಬುದು ಸಹೃದಯನಿಗೆ ತಿಳಿಯುತ್ತದೆ. ಹೇಳದೆ ಬಿಟ್ಟದ್ದರಿಂದ ಸೊಗಸು ಹೆಚ್ಚುತ್ತದೆ.

ಇಷ್ಟನ್ನೂ ಹಲಗೆಯ ಮೇಲೆ ಬರೆದು, ಸೀಮೆಸುಣ್ಣ ಹಿಡಿದು ನಿಂತವನು ನಿಂತೇ ಇದ್ದೆ. ಎಂಟು ವರ್ಷದಿಂದ ಇದನ್ನು ಪಾಠ ಹೇಳುತ್ತಿದ್ದೆ. ಜಗುಲಿಯ ಮೇಲೆ ಕರಾರು ಓದಿದ ಆ ವರ್ಷವೂ ಇದೇ ಪಾಠ ಹೇಳಿದ್ದೆ. 'ಏ' ಇಲ್ಲದೆಯೂ, 'ಮಾತ್ರ' ಇಲ್ಲದೆಯೂ ಬಾಗಿಲು ಮುಚ್ಚಬಹುದೆಂಬುದನ್ನು ತಿಳಿಯಲು ನನಗೆ ಲ್ಯಾಟಿನ್ ಸೂತ್ರವಾಗಲಿ ಸುಪ್ರೀಂ ಕೋರ್ಟಾಗಲಿ ಬೇಕಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕ ಸಾಕಾಗಿತ್ತು. ಕಾವ್ಯವನ್ನು ಓದುವ ಎಚ್ಚರದಿಂದ ಭಾವನವರ ಎರಡೆಕರೆಯನ್ನು ನಾನು ಓದಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಉದಾಹರಣೆ?" ಎಂದ. ಕುರುಳಿನದನ್ನೇ ಕೊಟ್ಟೆ.

ಆಮೇಲಾಮೇಲೆ ಇಂಥ ಕಥೆಗಳನ್ನು ಹುಡುಕಿ ಓದುವುದು ನನಗೊಂದು ಚಟವಾಯಿತು. ಹಲ್ಲು ನೋಯುವಾಗ ನಾಲಗೆ ಅಲ್ಲಿಗೇ ಹೋಗುವಂತೆ. ಜರ್ಮನಿಯ ಷೂಲರ್ ಕಂಪನಿ ಕಾರಿನ ಮೈಯ ತಗಡು ಒತ್ತುವ ಯಂತ್ರಗಳನ್ನು ಮಾರಲು ಇಂಗ್ಲೆಂಡಿನ ವಿಕ್‌ಮನ್ ಕಂಪನಿಯನ್ನು ನೇಮಿಸಿತ್ತು. ಅಲ್ಲಿನ ಆರು ದೊಡ್ಡ ಮೋಟಾರು ಕಂಪನಿಗಳನ್ನು ವಾರಕ್ಕೊಮ್ಮೆಯಾದರೂ ಕಾಣುವುದು ಈ ಕರಾರಿನ 'ಕಂಡಿಷನ್' ಎಂದು ಬರೆದಿತ್ತು. ನಾಲ್ಕೂವರೆ ವರ್ಷದ ಲೆಕ್ಕಕ್ಕೆ ಸುಮಾರು 1,500 ಭೇಟಿಯಾಗುತ್ತದೆ. ಕೆಲವು ತಪ್ಪಿದವು, ಷೂಲರ್ ಕರಾರನ್ನೇ ಮುರಿಯಿತು. ಕಾನೂನಿನ ಪರಿಭಾಷೆಯಲ್ಲಿ 'ಕಂಡಿಷನ್' ಎಂದರೆ ಮುರಿದೊಡನೆ ಕರಾರೇ ಮುಗಿಯುವಂಥ ಮೂಲಷರತ್ತು. 1973ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯ ಐವರು ನ್ಯಾಯಾಧೀಶರಲ್ಲಿ ನಾಲ್ವರು, ಒಂದು ಭೇಟಿ ತಪ್ಪಿದ ಮಾತ್ರಕ್ಕೆ ಎಲ್ಲವೂ ಮುರಿಯಬೇಕೆಂದು ಯಾವ ವಿವೇಕಿಯೂ ಒಪ್ಪಿರಲಾರ, ಇಲ್ಲಿ ಆ ಮಾತಿಗೆ ಆ ಬಿರುಸಿನ ಅರ್ಥ ಬೇಡ ಎಂದರು. ಒಬ್ಬರು ಒಪ್ಪಲಿಲ್ಲ. ಬರೆದಿದ್ದ ಮಾತು ಅಲ್ಲಿ ಏಜೆಂಟನನ್ನು ಮುಳುಗಿಸಲಿಲ್ಲ; ಬರೆಯದ ಮಾತು ಇಲ್ಲಿ ನಮ್ಮನ್ನು ತೇಲಿಸಲಿಲ್ಲ.

ಅಮೆರಿಕದಲ್ಲಿ 1956ರಷ್ಟು ಹಿಂದೆಯೇ, ಕಾರು ತಯಾರಕರು ಸದ್ಭಾವವಿಲ್ಲದೆ ನಡೆದುಕೊಂಡರೆ ಮಾರಾಟಗಾರನು ನ್ಯಾಯಾಲಯಕ್ಕೆ ಹೋಗಬಹುದೆಂದು ಒಂದು ಕಾಯಿದೆಯನ್ನೇ ಮಾಡಿದರು. ನಮ್ಮಲ್ಲಿ ಅಂಥದಿಲ್ಲ. 2017ರಲ್ಲಿ ಜನರಲ್ ಮೋಟಾರ್ಸ್ ಇಲ್ಲಿನ ಮಾರಾಟ ನಿಲ್ಲಿಸಿದಾಗ, 2021ರಲ್ಲಿ ಫೋರ್ಡ್ ಇಲ್ಲಿನ ತಯಾರಿಕೆ ಮುಚ್ಚುವುದಾಗಿ ಸಾರಿದಾಗ, ಭಾವನವರಿಗಿಂತ ಎಷ್ಟೋ ಪಾಲು ದೊಡ್ಡ ಗಾಜುಗಳನ್ನು ಹಾಕಿಸಿದ್ದವರು ತಲೆಗೆ ಕೈ ಹೊತ್ತರು. ನಮ್ಮ ಚೆನ್ನೈಯ ವಿತರಕರ ಕೈಯಲ್ಲಿಯೂ ಮೇಲಿನವರು ಕೊಟ್ಟ ಇಂಥದೇ ಒಂದು ಕಾಗದ ಇದ್ದಿರಲೇಬೇಕು ಎಂದು ಭಾವನವರೇ ಒಮ್ಮೆ ಹೇಳಿದರು. ಅಷ್ಟು ಉದಾರತೆ ನನಗೆ ಬರಲಿಲ್ಲ; ಆದರೆ ಕಳೆದುಕೊಂಡವರು ಅವರು.

ಮೂರೂವರೆ ಲಕ್ಷಕ್ಕಾಗಿ ಚೆನ್ನೈಗೆ ಅಲೆಯುವುದು ಬೇಡವೆಂದು ಭಾವನವರು ನಿಶ್ಚಯಿಸಿದರು. ಎರಡೆಕರೆಯಲ್ಲಿ ಒಂದನ್ನು ಮಾರಿ ಇನ್ನೊಂದನ್ನು ಬಿಡಿಸಿಕೊಂಡರು. ಪೈಪುಗಳು ಹಿತ್ತಲಿನಿಂದ ಮತ್ತೆ ಮುಂದಕ್ಕೆ ಬಂದವು. ಗಾಜನ್ನು ಮಾತ್ರ ತೆಗೆಸಲಿಲ್ಲ. ಗುಂಡ್ಲುಪೇಟೆಯಲ್ಲಿ ಅಷ್ಟು ಬೆಳಕಿರುವ ಪೈಪಿನ ಅಂಗಡಿ ಇನ್ನೊಂದಿಲ್ಲ. ಅಕ್ಕ ನನ್ನನ್ನು ಏನೂ ಅನ್ನಲಿಲ್ಲ. ಆದರೆ ಆ ವರ್ಷದಿಂದ ಮನೆಗೆ ಬಂದ ಬ್ಯಾಂಕಿನ ಕಾಗದ, ವಿಮೆಯ ಕಾಗದಗಳು ಮಗಳ ಕೈಗೆ ಹೋಗತೊಡಗಿದವು. ಹುಡುಗಿ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ನಾನು ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೆ.

ಹೀಗೆ ಹತ್ತು ವರ್ಷ ಕಳೆಯಿತು. ಮೊನ್ನೆ ಬೇಸಗೆಯ ರಜೆಯಲ್ಲಿ ಹಂಗಳಕ್ಕೆ ಹೋಗಿದ್ದಾಗ ಭಾವನವರು ಮತ್ತೊಂದು ಕಾಗದವನ್ನು ನನ್ನ ಮುಂದಿಟ್ಟರು. ನಮ್ಮ ಕಡೆ ಮಳೆಗಾಲದಲ್ಲಿ ರಸ್ತೆಯ ಎರಡು ಪಕ್ಕವೂ ಚೆಂಡು ಹೂವಿನ ಹೊಲಗಳು ಹೊಂಬಣ್ಣಕ್ಕೆ ತಿರುಗುವುದನ್ನು ಊಟಿಗೆ ಹೋಗುವವರು ನೋಡಿರಬಹುದು. ಕಾರು ನಿಲ್ಲಿಸಿ ಚಿತ್ರ ತೆಗೆದುಕೊಂಡೂ ಇರಬಹುದು. ಆ ಹೂವು ದೇವರಿಗೂ ಅಲ್ಲ, ಮುಡಿಗೂ ಅಲ್ಲ. ಬಣ್ಣ ತೆಗೆಯುವ ಕಾರ್ಖಾನೆಗೆ. ಬೀಜ ಅವರು ಕೊಡುತ್ತಾರೆ, ಹೂವನ್ನು ಗೊತ್ತಾದ ಬೆಲೆಗೆ ಅವರೇ ಕೊಳ್ಳುತ್ತಾರೆ, ನಡುವೆ ಒಂದು ಕರಾರು. ಉಳಿದ ಒಂದೆಕರೆಗೆ ಚೆಂಡು ಹೂ ಹಾಕಬೇಕೆಂದು ಭಾವನವರಿಗೆ ಮನಸ್ಸಾಗಿತ್ತು.

"ಮೂರೇ ಪುಟ ಅದ. ಕನ್ನಡದಲ್ಲೇ ಅದ ಈ ಸಲ" ಎಂದರು. "ನೀವು ಎಂ.ಎ. ಮಾಡಿರಾದು ಇದರಲ್ಲೇ ಅಲ್ವಾ ಮೇಷ್ಟ್ರೇ."

ಅವರ ಮುಖವನ್ನು ನೋಡಿದೆ. ವ್ಯಂಗ್ಯವೇನೂ ಕಾಣಲಿಲ್ಲ. ಪೆನ್ಸಿಲು ತರಿಸಿಕೊಂಡು ಮೂರು ಪುಟಕ್ಕೆ ಎರಡು ಗಂಟೆ ಹಿಡಿದೆ. ಹೂವಿನ ಗುಣಮಟ್ಟವನ್ನು ಯಾರು ನಿರ್ಣಯಿಸುವುದು ಎಂದು ಬರೆದಿಲ್ಲ, ಕೇಳಿ ಎಂದು ಒಂದು ಗುರುತು ಹಾಕಿದೆ. ಮಳೆ ಹೆಚ್ಚಾಗಿ ಹೂವು ಕೊಳೆತರೆ ಬೀಜದ ಹಣ ಯಾರದು ಎಂದು ಇನ್ನೊಂದು. ಗೊತ್ತಿಲ್ಲದ ಒಂದು ಮಾತಿಗೆ, "ಇದು ನನಗೆ ತಿಳಿಯದು ಭಾವ, ವಕೀಲರನ್ನೇ ಕೇಳಬೇಕು" ಎಂದೆ. ಅಕ್ಕ ಒಳಗಿನಿಂದ ಬಂದು ಹೊಸ್ತಿಲ ಮೇಲೆ ಕುಳಿತಳು. ಕೊನೆಯ ಪುಟದ ಕೊನೆಯ ಸಾಲು ಬಂತು: ತಕರಾರುಗಳು ಮೈಸೂರಿನ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿರುತ್ತವೆ.

"'ಮಾತ್ರ' ಇಲ್ಲ ಅಲ್ವಾ?" ಎಂದರು ಭಾವನವರು.

"ಇಲ್ಲ ಭಾವ. ಇಲ್ಲದಿದ್ದರೂ ಇದ್ದಂತೆಯೇ ಅಂತ ತಿಳಿದುಕೊಳ್ಳಿ."

ಅವರು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದರು. ಮೂರು ಕಾರು ಸಾಲಾಗಿ ಬಂದು ಬೆಟ್ಟದ ಕಡೆಗೆ ತಿರುಗಿದವು.

"ಮೈಸೂರಾದ್ರೆ ಬಸ್ಸದ ಬುಡಿ" ಎಂದು ನನ್ನ ಜೇಬಿನ ಪೆನ್ನಿಗೆ ಕೈ ಚಾಚಿದರು.